ಪರಿಚಯದ ಸೈನು

ನನ್ನ ಮಗಳು ಯಶೋಧರಾ ನರ್ಸ್ ಕೆಲಸ ಅಂತ ಮಸ್ಕತ್‌ಗೆ ಹೊರಟಿದ್ದು ಎರಡು ಸಾವಿರದ ಒಂದನೇ ಇಸವೀಲಿ. ಅದೇ ಅವಳ ಮೊದಲ್ನೇ ಕೆಲಸ. ಪಾಸ್‌ಪೋರ್ಟು ಬಂತು, ವೀಸಾ ಬಂತು, ಶುಕ್ರವಾರದ ಟಿಕೀಟೂ ಬಂತು. ಎಲ್ಲಾ ಬಂದು ಕೊನೆಗೆ ಸಿಗಾಕ್ಕಂಡಿದ್ದು ಬೇಲೂರಿನ ಬ್ಯಾಂಕಲ್ಲಿ. ಅಲ್ಲಿ ದುಡಿದಿದ್ದು ಇಲ್ಲಿಗೆ ಬರ್ಬೇಕಲ್ಲ, ಹೋಗೋಕೆ ಮುಂಚೆ ಊರಲ್ಲೊಂದು ಅಕೌಂಟ್ ಮಾಡಿಸ್ಕೋ ಅಂತ ಅವಳ ಜೊತೇಲಿ ಓದಿದ ಹುಡುಗೀರು ಹೇಳಿದ್ರಂತೆ.

ಯಶು ಹೋಗಿ ಫಾರಂ ತಂದ್ಲು. ಆ ಬ್ಯಾಂಕಲ್ಲೇ ಅಕೌಂಟ್ ಇರೋರು ಯಾರಾದ್ರೂ ಒಬ್ಬರು, ಈ ಹುಡುಗಿ ನಂಗೊತ್ತು ಅಂತ ಪರಿಚಯದ ಸೈನು ಹಾಕ್ಬೇಕಂತೆ. ಗೆಂಡೆಹಳ್ಳಿ ಕಡೆ ನಮ್ಮಂಥೋರಿಗೆ ಸೈನು ಅಂದ್ರೆ ದೊಡ್ಡೋರ ಸೈನು. ರೇಷನ್ ಕಾರ್ಡಿಗೆ, ಜಾತಿ ಸರ್ಟಿಫಿಕೇಟಿಗೆ, ಹಾಸ್ಟೆಲ್ ಸೀಟಿಗೆ, ಯಾವುದು ದೊಡ್ಡೋರ ಬಾಗ್ಲು ಕಾಯದೆ ಸಿಕ್ಕೈತೆ ಹೇಳಿ ಮತ್ತೆ. ಕಾದೂ ಕಾದೂ ಅದೇ ಅಭ್ಯಾಸ ಆಗೋಗಿತ್ತು.

ನಮ್ಮ ಯಜಮಾನ್ರು ಮರಿಯಣ್ಣ ಸೀದಾ ಜಯದೇವಪ್ಪನವರ ಮನೆ ಮುಂದೆ ಹೋಗಿ ನಿಂತ್ರು. ತೆಂಗಿನ ತೋಟ ಇರೋ ಕುಳ ಅವರು. ಮಗಳು ಸಮುದ್ರ ದಾಟ್ಕಂಡು ಹೋಗ್ತಾವಳೆ, ಅಪ್ಪ ಟವೆಲ್ ಕಂಕುಳಲ್ಲಿಟ್ಕಂಡು ಅಂಗಳದಾಗೆ ನಿಂತವ್ರೆ! "ಆಯ್ತು ಮರಿಯಣ್ಣ, ಹಾಕಾಣ. ಅರಸೀಕೆರೆಗೆ ಕೊಬ್ಬರಿ ಹಾಕ್ಬುಟ್ಟು ಬತ್ತೀನಿ, ತಡಿ" ಅಂದ್ರಂತೆ. ಮಾರನೇ ದಿನ ಹೋದ್ರೆ ಜಾವಗಲ್‌ಗೆ ಮದುವೆಗೆ ಹೋಗವ್ರೆ. ಅದರ ಮಾರನೇ ದಿನ ಹೋದ್ರೆ ಉಂಡು ಮಲಗವ್ರೆ. ನಂಗೆ ಮೈಯೆಲ್ಲಾ ಉರಿದೋಯ್ತು. "ಇನ್ನೊಂದ್ಸಲ ಆ ಅಂಗಳಕ್ಕೆ ಹೋದ್ರೆ ನಾನು ಮನುಷ್ಯಳಾಗಿರಲ್ಲ" ಅಂದೆ.

ಆಗ ಬಂದ ನನ್ನ ಮೈದುನ ದೇವರಾಜ್. ಹಳೇಬೀಡಲ್ಲಿ ಹೈಸ್ಕೂಲ್ ಮೇಷ್ಟ್ರು. "ಅತ್ತಿಗೆ, ಅದಕ್ಕೆ ಯಾಕೆ ಊರೆಲ್ಲಾ ಸುತ್ತುತೀರ? ನನ್ನ ಅಕೌಂಟ್ ಅಲ್ಲೇ ಇದೆ. ನಾನೇ ಸೈನು ಹಾಕ್ತೀನಿ. ಆದ್ರೆ ಅಕೌಂಟು ಜಾಯಿಂಟ್ ಇರ್ಲಿ, ನನ್ನ ಹೆಸರೂ ಸೇರ್ಲಿ. ಹುಡುಗಿ ಅಲ್ಲಿ, ದುಡ್ಡು ಇಲ್ಲಿ, ತೆಗೆಯೋರು ಬೇಡ್ವಾ?" ಅಂದ. ಯಜಮಾನ್ರು "ಸರಿಯಾಗಿ ಹೇಳ್ದೆ" ಅಂತ ತಲೆ ಆಡಿಸಿದ್ರು.

ದೇವರಾಜ ಕೆಟ್ಟೋನಲ್ಲ. ನಮ್ಮ ಮನೇಗೆ ಬುದ್ಧನ ಫೋಟೋ ತಂದೋನು ಅವನು. ನಮ್ಮತ್ತೆ ಮಗೂಗೆ ಕೆಂಪಮ್ಮ ಅಂತ ಇಡ್ಬೇಕು ಅಂತಿದ್ರೆ, ಹಟ ಹಿಡಿದು ಯಶೋಧರಾ ಅಂತ ಇಟ್ಟೋನೂ ಅವನೇ. ಹತ್ತನೇ ಕ್ಲಾಸಿಗೆ ಸಾಕು ಅಂದೋಳು ನಾನು. ಹಾಸನಕ್ಕೆ ಕರ್ಕಂಡೋಗಿ ನರ್ಸಿಂಗಿಗೆ ಸೇರಿಸಿದೋನು ಅವನು. ಅಷ್ಟೆಲ್ಲಾ ಮಾಡಿದ್ದನ್ನ ಇಲ್ಲ ಅಂದ್ರೆ ನಾಲಿಗೆ ಸೇದೋಗ್ತದೆ. ಆದ್ರೆ ಅವನು ಕಟ್ಟಿಸ್ತಿದ್ದ ಮನೆ ಗೋಡೆಗೆ ಬಂದು ದುಡ್ಡಿಲ್ದೆ ನಿಂತಿತ್ತು. ಅವನ ಹೆಂಡ್ತಿ ರಮಾ ಒಂದಿನ ಅಕ್ಕಿ ಆರಿಸ್ತಾ "ಯಶು ಒಂದ್ಸಲ ಅಲ್ಲಿಗೆ ಹೋದ್ರೆ ನಮ್ಮ ತಾರಸಿ ಮೋಲ್ಡಿಂಗ್ ಆದಂಗೇ ಕಣಕ್ಕ" ಅಂದಿದ್ಲು. ನಾನು ನಕ್ಕೆ. ನಕ್ಕಿದ್ದು ಮ್ಯಾಲ್ ಮ್ಯಾಲೆ.

ಯಾಕೆ ಅಂದ್ರೆ ನನ್ನ ಕಥೆ ನಂಗೊತ್ತಲ್ಲ. ನಾನು ನಮ್ಮೂರ ಅಂಗನವಾಡೀಲಿ ಸಹಾಯಕಿ. ಮಕ್ಕಳ ಮೂಗು ಒರಸಿ, ಉಪ್ಪಿಟ್ಟು ತೊಳಸಿ, ತಿಂಗಳಿಗೊಂದ್ಸಲ ಬೇಲೂರಿಗೆ ಹೋಗಿ ಕಿಟಕೀಲಿ ಸೈನು ಹಾಕಿ ಗೌರವಧನ ಇಸ್ಕಳ್ತೀನಿ. ಯಜಮಾನ್ರು ಗೇಟ್ ಹತ್ರ ನಿಂತಿರ್ತಾರೆ. ಆಚೆ ಬಂದ ತಕ್ಷಣ ಕೈ ಚಾಚ್ತಾರೆ, ನಾನು ಮಡಗ್ತೀನಿ. ಅವರು ಕುಡಿಯೋರಲ್ಲ, ಹಾಳು ಮಾಡೋರೂ ಅಲ್ಲ. ಆದ್ರೂ ಒಂದ್ಸಲ ಚಪ್ಪಲಿ ಕಿತ್ತೋಗಿ, ಹೊಸ ಜೋಡಿಗೆ ನನ್ನ ದುಡ್ಡನ್ನೇ ಅವರ ಹತ್ರ ಕೇಳ್ಬೇಕಾಯ್ತು. "ಹೊಲಿಸ್ಕೋ, ಇನ್ನೂ ಚೆನ್ನಾಗೈತೆ" ಅಂದ್ರು. ಅವತ್ತು ಅಳು ಬಂತು. ನನ್ನ ಮಗಳು ಪರದೇಶದಾಗೆ ಕಂಡೋರ ಗಾಯ ತೊಳೆದು ದುಡಿದಿದ್ದನ್ನ ಇನ್ನೊಬ್ಬರ ಹತ್ರ ಕೇಳಿ ಇಸ್ಕಬಾರ್ದು, ನಂಗೆ ಬೇಕಾಗಿದ್ದು ಇಷ್ಟೇ. ಬಾಯಿಬಿಟ್ಟು ಹೇಳಾಕೆ ಮಾತ್ರ ಆಗ್ಲಿಲ್ಲ. ಬೇರೆ ಸೈನು ಎಲ್ಲಿಂದ ತರ್ಲಿ?

ಬುಧವಾರ ನಾಲ್ಕೂ ಜನ ಬೇಲೂರು ಬಸ್ ಹತ್ತಿದ್ವಿ. ಬ್ಯಾಂಕ್ ಹತ್ರ ಬಂದ ಮ್ಯಾಲೆ ಯಜಮಾನ್ರು ಮಾಮೂಲಿನಂಗೆ ಗೇಟಲ್ಲೇ ನಿಂತ್ರು. ಒಳಗೆ ದೇವರಾಜ ಜಾಯಿಂಟ್ ಅನ್ನೋ ಕಡೆ ತನ್ನ ಹೆಸರು ಬರೆಯಾಕೆ ಪೆನ್ನು ಬಿಚ್ಚಿದ. ಅಷ್ಟೊತ್ತಿಗೆ ಕಿಟಕಿ ಆಚೆಯಿಂದ ಶಾಂತಾದೇವಿ ಮೇಡಂ ನನ್ನ ನೋಡಿದ್ರು. ತಿಂಗ್ಳಾ ತಿಂಗ್ಳಾ ನಂಗೆ ದುಡ್ಡು ಕೊಡೋರು ಅವರೇ.

"ಸಣ್ಣತಾಯಮ್ಮ, ಈ ತಿಂಗಳದು ಇನ್ನೂ ನಿಮ್ಮ ಅಕೌಂಟಿಗೆ ಬಂದಿಲ್ಲ ಕಣ್ರೀ. ಸುಮ್ನೆ ಬಂದ್ರಲ್ಲ" ಅಂದ್ರು.

ಅಯ್ಯೋ ನನ್ನ ಬುದ್ಧೀಗಿಷ್ಟು! ಇಷ್ಟು ವರ್ಷದಿಂದ ನಂದು ಇಲ್ಲೇ ಅಕೌಂಟ್ ಐತೆ. ಜಯದೇವಪ್ಪನ ಅಂಗಳ ಕಾದಿದ್ದೇನು, ಮೈದುನನ್ನ ಕರ್ಕಂಡ್ ಬಂದಿದ್ದೇನು! ದುಡ್ಡು ಗೇಟ್ ದಾಟಿದ್ರೆ ಯಜಮಾನ್ರದು ಅಂತ ಆಗ್ಬುಟ್ಟು, ಅಕೌಂಟೂ ನಂದು ಅನ್ನೋದೇ ನಂಗೆ ಮರೆತೋಗಿತ್ತು.

"ಮೇಡಂ, ಈ ಪರಿಚಯದ ಸೈನು ನಾನು ಹಾಕಿದ್ರೆ ನಡೀತದಾ?" ಅಂದೆ.

"ಅತ್ತಿಗೆ, ಸುಮ್ನಿರಿ. ಅದಕ್ಕೆ ತಿಳಿದೋರು ಬೇಕು" ಅಂದ ದೇವರಾಜ.

"ಅಕೌಂಟ್ ಇದ್ರೆ ಸಾಕು ಮೇಷ್ಟ್ರೇ" ಅಂದ್ರು ಮೇಡಂ. "ಇವರದು ಹಳೇ ಅಕೌಂಟು. ಧಾರಾಳವಾಗಿ ಹಾಕ್ಬಹುದು."

ದೇವರಾಜನ ಮುಖ ಸಪ್ಪಗಾಯ್ತು. "ನಾನು ಹೆಸರಿಟ್ಟ ಮಗು ಅದು. ನನ್ನ ಮೇಲೇ ನಂಬಿಕೆ ಇಲ್ವಾ?" ಅಂದ.

"ಹೆಸರು ನೀನೇ ಇಟ್ಟೆ ಕಣಪ್ಪ, ಚೆನ್ನಾಗಿರೋದೇ ಇಟ್ಟೆ" ಅಂದೆ. "ಅದಕ್ಕೇ ಆ ಹೆಸರು ಒಂದೇ ಇರ್ಲಿ ಅಂತೀನಿ."

ಅವನು ಪೆನ್ನು ಮುಚ್ಚಿ, ಹೋಗಿ ಬೆಂಚ್ ಮೇಲೆ ಕೂತ್ಕಂಡ. ನಾನು ಯಶು ಪೆನ್ನು ತಗಂಡೆ. ಸಾಕ್ಷರತೆ ಕ್ಲಾಸಲ್ಲಿ ಕಲಿತ ಸೈನು ನಂದು. ಹೆಸರೋ ಉದ್ದ, ಬರೆಯೋಷ್ಟರಲ್ಲಿ ಬೆವರು ಬಂತು. ಮೇಡಂ ನನ್ನ ಹಳೇ ಸೈನಿರೋ ಕಾರ್ಡ್ ತೆಗೆದು ಫಾರಂ ಪಕ್ಕ ಇಟ್ಟು ನೋಡಿದ್ರು. ಎಲ್ಲಿ ತಪ್ಪು ಅಂತಾರೋ ಅಂತ ನಾನೂ ಬಗ್ಗಿ ನೋಡ್ದೆ.

"ಸರಿ ಇದೆ" ಅಂದ್ರು. "ಒಬ್ಬಳದೇ ಹೆಸರಾ, ಇಲ್ಲಾ ಇನ್ಯಾರದಾದ್ರೂ ಸೇರಿಸೋದಾ?"

"ಅಮ್ಮನ ಹೆಸರು ಸೇರಿಸಿ ಮೇಡಂ" ಅಂದ್ಲು ಯಶು, ಒಂದು ಗಳಿಗೇನೂ ಯೋಚ್ನೆ ಮಾಡ್ದೆ.

ಸುಳ್ಳು ಯಾಕೆ ಹೇಳ್ಲಿ, ನಂಗೆ ಆಸೆ ಆಯ್ತು. ಮಗಳ ಹೆಸರು, ಪಕ್ಕದಾಗೆ ನನ್ನ ಹೆಸರು. ಹಂಗೇ ಬಾಗ್ಲ ಕಡೆ ನೋಡಿದೆ. ಯಜಮಾನ್ರು ಗೇಟ್ ಕಂಬಕ್ಕೆ ಒರಗಿ ನಿಂತಿದ್ರು.

"ಬ್ಯಾಡ ಕಣವ್ವ. ನಂದೂ ಬ್ಯಾಡ" ಅಂದೆ.

"ಯಾಕಮ್ಮ? ನಿನ್ನ ನಂಬದೆ ಇನ್ಯಾರನ್ನ ನಂಬ್ಲಿ?"

"ನಿಮ್ಮಪ್ಪ ಕೇಳಿದ್ರೆ ಇಲ್ಲ ಅನ್ನಾಕೆ ಬರಲ್ಲ ನಂಗೆ. ಚಿಕ್ಕಪ್ಪ ಬಂದು ಕೂತ್ರೂ ಅಷ್ಟೇ. ನನ್ನ ಹೆಸರೇ ಇಲ್ದಿದ್ರೆ, ನನ್ನ ಕೈಲಿಲ್ಲ ಕಣ್ರಪ್ಪ ಅನ್ನಬಹುದು. ನಂಗೆ ಬೇಕು ಅಂದ್ರೆ ನಿನ್ನ ಕೇಳ್ತೀನಿ, ನೀನು ಕಳಿಸು."

ಯಶು ಕಣ್ಣಲ್ಲಿ ನೀರು ಬಂತು. ನಾನು "ಜನ ನೋಡ್ತಾರೆ, ಒರಸ್ಕೋ" ಅಂತ ಗದರಿದೆ.

ಪಾಸ್ ಬುಕ್ ಇಸ್ಕಂಡು ಆಚೆ ಬಂದ್ವಿ. ಯಜಮಾನ್ರು ಕೈ ಚಾಚಿದ್ರು, ಪಾಪ, ಅಭ್ಯಾಸಕ್ಕೆ. "ಎಲ್ಲಿ, ಕೊಡಿಲ್ಲಿ" ಅಂದ್ರು. ಯಶು ನನ್ನ ಮುಖ ನೋಡಿದ್ಲು.

"ಅವಳ ಬ್ಯಾಗಲ್ಲೈತೆ. ಅಲ್ಲೇ ಇರ್ತದೆ" ಅಂದೆ. ಅವರು ಕೈ ಹಂಗೇ ಸ್ವಲ್ಪ ಹೊತ್ತು ಹಿಡ್ಕಂಡಿದ್ದು, ಆಮೇಲೆ ಟವೆಲ್ ತಗಂಡು ಮುಖ ಒರಸ್ಕಂಡ್ರು. ದೇವರಾಜ ಹಳೇಬೀಡಿನ ಬಸ್ಸಿಗೆ ಹೊರಡ್ತಾ, ಯಶು ತಲೆ ಮೇಲೆ ಕೈ ಇಟ್ಟು "ಹುಷಾರು" ಅಂದ. ನನ್ನ ಕಡೆ ತಿರುಗ್ದೆ ಹೊರಟೋದ.

ಶುಕ್ರವಾರ ಅವಳು ಹೋದ್ಲು.

ಮುಂದಿನ ತಿಂಗಳು ನನ್ನ ಗೌರವಧನಕ್ಕೆ ಬ್ಯಾಂಕಿಗೆ ಹೋದೆ. ಈ ಸಲ ಚಪ್ಪಲಿಗೆ ಅಂತ ಒಂದಿಷ್ಟು ಎತ್ತಿಟ್ಕಬೇಕು ಅಂತ ಮನೆಯಿಂದಲೇ ಗಟ್ಟಿ ಮಾಡ್ಕಂಡಿದ್ದೆ. ಗೇಟ್ ಹತ್ರ ಬಂದೆ. ಯಜಮಾನ್ರು ಕೈ ಚಾಚಿದ್ರು. ನಂಗೆ ಗೊತ್ತಾಗೋಷ್ಟರಲ್ಲಿ ಪೂರ್ತಿ ದುಡ್ಡು ಆ ಕೈಗೆ ಮಡಗಿ ಆಗಿತ್ತು. ನನ್ನ ಮೇಲೆ ನಂಗೇ ಕೋಪ ಬಂತು. ಆದ್ರೂ ಬಸ್ ಸ್ಟಾಂಡಿಗೆ ನಡೀತಾ, ಸದ್ಯ, ಯಶು ಅಕೌಂಟಿಗೆ ನನ್ನ ಹೆಸರು ಸೇರಿಸ್ಲಿಲ್ಲ ಅಂದ್ಕಂಡೆ.