ಹದಿನೇಳನೆಯ ಪ್ರಶ್ನೆ

ಹಲ್ಲುಸೆಟ್ಟು ಮಾಡುವ ಯಜಮಾನರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ, ಅದೊಂದು ಕಾಯಿಲೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಯಾರದೋ ವಸಡು ಹುಣ್ಣಾಗುತ್ತದೆ ಎಂದು ಮೂವತ್ತು ವರ್ಷ ಹಲ್ಲು ಉಜ್ಜಿ ಉಜ್ಜಿ ಕೂರಿಸಿದ ಮನುಷ್ಯ. ಅರ್ಜಿಯ ಖಾಲಿ ಜಾಗಗಳನ್ನೂ ಹಾಗೆಯೇ ತುಂಬುತ್ತಿದ್ದರು.

ಈ ಸಲದ ಕಾರು ವಿಮೆಯ ಅರ್ಜಿಯಲ್ಲಿ ಎಂದಿನ ಪ್ರಶ್ನೆಗಳೇ ಇದ್ದವು. ವಯಸ್ಸೆಷ್ಟು, ಕಾರು ಎಲ್ಲಿ ನಿಲ್ಲುತ್ತದೆ, ವರ್ಷಕ್ಕೆ ಎಷ್ಟು ದೂರ ಓಡುತ್ತದೆ, ಹಿಂದೆ ಎಲ್ಲಾದರೂ ಗುದ್ದಿದ್ದುಂಟೇ. ಹದಿನೇಳನೆಯದು ಮಾತ್ರ ಹೊಸದು: 'ಪಕ್ಕದ ಸೀಟಿನವರು ಮಾತಾಡುತ್ತಾರೆಯೇ?' ಯಜಮಾನರು ಪೆನ್ನು ಕಚ್ಚಿಕೊಂಡು ಯೋಚಿಸಿ ಬರೆದರು: 'ಹೌದು. ನನ್ನ ಹೆಂಡತಿ, ಹೊರಟಾಗಿನಿಂದ ಇಳಿಯುವವರೆಗೆ. ಉಸಿರಿಗೆಂದು ಎರಡು ಕಡೆ ನಿಲ್ಲಿಸುತ್ತಾಳೆ.'

ಪ್ರೀಮಿಯಂ ದುಪ್ಪಟ್ಟಾಗಿ ಬಂತು.

ಯಜಮಾನರು ಕಾಗದ ಹಿಡಿದು ವಿಮಾ ಕಚೇರಿಗೆ ಓಡಿದರು. ಗಾಜಿನ ಆಚೆ ಕೂತಿದ್ದ ಗುಮಾಸ್ತೆ ಅರ್ಜಿ ಓದಿ ಹಣೆ ಚಚ್ಚಿಕೊಂಡಳು.

"ಇಲ್ಲ ಅಂತ ಬರೆಯೋಕೆ ನಿಮಗೇನಾಗಿತ್ತು? ಎಲ್ರೂ ಇಲ್ಲ ಅಂತಾನೇ ಬರೀತಾರೆ. ಇಡೀ ರಾಜ್ಯದಲ್ಲಿ ಹೌದು ಅಂದೋರು ನೀವೊಬ್ರೇ."

"ಮಾತಾಡ್ತಾಳಲ್ಲಮ್ಮಾ!"

"ನಮ್ಮ ಕಾರಲ್ಲಿ ನಾನು ಮಾತಾಡಲ್ವಾ? ಪಕ್ಕದ ರಾಜ್ಯದಲ್ಲಿ ಈ ಪ್ರಶ್ನೇನೇ ಇಲ್ಲ. ಇಲ್ಲಿ ಮಾತ್ರ, ಪಕ್ಕದಲ್ಲಿ ಮಾತಾಡಿದ್ರೆ ಅಪಾಯ ಜಾಸ್ತಿ ಅಂತ ಲೆಕ್ಕ. ಈಗ ತಿದ್ದಬೇಕು ಅಂದ್ರೆ ಸಾಬೀತು ಮಾಡ್ಬೇಕು. ಮೂರು ಸಂಜೆ ನಮ್ಮ ತಪಾಸಣೆಯವರು ಹಿಂದಿನ ಸೀಟಲ್ಲಿ ಕೂತ್ಕೋತಾರೆ. ನಿಮ್ಮನೆಯವರು ಒಂದು ಮಾತೂ ಆಡಬಾರ್ದು. ಆಡಿದ್ರೋ, ದುಪ್ಪಟ್ಟೇ ಕಾಯಂ."

ಅಷ್ಟು ಕಟ್ಟುವ ಶಕ್ತಿ ಅವರಿಗಿರಲಿಲ್ಲ. ಕಾರು ಮಾರಬೇಕಾಗುತ್ತಿತ್ತು. ಹಲ್ಲಿನ ಆಸ್ಪತ್ರೆಗಳಿಗೆ ಕೊಡುವ ಸೆಟ್ಟುಗಳೇನೋ ಬಸ್ಸಿನಲ್ಲಿ ಹೋದಾವು. ಯಜಮಾನರು ಹೆದರಿದ್ದು ಬೇರೆ ಕಾರಣಕ್ಕೆ.

ಮನೆಯ ಕೆಳಗೇ ಅವರ ಕೆಲಸದ ಕೋಣೆ. ಇವರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಉಜ್ಜುವ ಮೋಟಾರಿನ ಮುಂದೆ, ಹೆಂಡತಿ ಅಚ್ಚಿಗೆ ಗಾರೆ ಹೊಯ್ಯುತ್ತಾ ಕಿಟಕಿಯ ಕಡೆ. ಆ ಕರ್ಕಶ ಸದ್ದಿನಲ್ಲಿ ಮಾತಾಡಿ ಏನು ಬಂತು? ಮಾತಿಲ್ಲದ ಅಭ್ಯಾಸ ಮೆಟ್ಟಿಲು ಹತ್ತಿ ಊಟದ ಮೇಜಿಗೂ ಬಂದು ಕೂತಿತ್ತು. ಆದರೆ ಸಂಜೆ ಸಿದ್ಧವಾದ ಸೆಟ್ಟುಗಳ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ಕಾರಿನಲ್ಲಿ ಕೂತರೆ ಸಾಕು, ಕಟ್ಟೆ ಒಡೆಯುತ್ತಿತ್ತು. ತಂಗಿಯ ಮಗಳ ಹಟ, ಗಾರೆ ಚೀಲದಲ್ಲಿ ಸಿಕ್ಕ ಜಿರಲೆ, ತನ್ನ ಮಂಡಿನೋವು, ನಡುನಡುವೆ 'ಆ ಸೈಕಲ್ ನೋಡ್ಕೊಳ್ರಿ'. ಇವರು ಹೂಂ ಅಂತ ಕೂಡ ಅನ್ನದೆ ಓಡಿಸುತ್ತಿದ್ದರು. ದಿನದಲ್ಲಿ ತಾವು ಬದುಕಿರುವುದು ಆ ಒಂದು ಗಂಟೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿರಲಿಲ್ಲ, ಅಷ್ಟೇ. ಹೇಳಿದ್ದರೆ ಗಂಟೇನು ಹೋಗುತ್ತಿತ್ತೋ!

ವಿಷಯ ಕೇಳಿ ಹೆಂಡತಿ ಸೆರಗು ಬಿಗಿದಳು. "ಮೂರು ದಿನ ತಾನೇ? ಬಾಯಿಗೆ ಬೀಗ ಹಾಕ್ಕೋತೀನಿ. ಕಾರೇ ಹೋದ್ರೆ ನಾನು ಎಲ್ಲಿ ಮಾತಾಡ್ಲಿ?"

ಮೊದಲ ಸಂಜೆ ತಪಾಸಣೆಯವನು ಬಂದ. ತೆಳ್ಳಗಿನ ಆಸಾಮಿ, ಕೊರಳಲ್ಲಿ ಸದ್ದು ಅಳೆಯುವ ಯಂತ್ರ, ಕೈಯಲ್ಲಿ ಪುಸ್ತಕ. ಹಿಂದೆ ಕೂತು "ಹೊರಡಿ" ಎಂದ. ಹೆಂಡತಿ ತುಟಿ ಬಿಗಿದಳು. ಯಜಮಾನರು ಹೊರಟರು, ಹಲ್ಲಿನ ಆಸ್ಪತ್ರೆಯನ್ನು ನಿಲ್ಲಿಸದೆ ದಾಟಿದರು, ಇನ್ನೊಂದು ಆಸ್ಪತ್ರೆಯನ್ನೂ ದಾಟಿದರು, ಮುಂದೆ ದಾರಿಯಿಲ್ಲದ ಓಣಿಗೆ ನುಗ್ಗಿ ಗೋಡೆಯ ಮುಂದೆ ನಿಂತರು. ಇಪ್ಪತ್ತು ವರ್ಷ ಓಡಾಡಿದ ದಾರಿ!

ಎರಡನೆಯ ಸಂಜೆ ಎರಡು ಸಲ ಫುಟ್‌ಪಾತ್ ಹತ್ತಿದರು, ಒಬ್ಬ ಹೂವಿನ ಅಂಗಡಿಯವಳಿಂದ ಬಾಯಿತುಂಬ ಬೈಸಿಕೊಂಡರು. ಹೆಂಡತಿಯ ಕಣ್ಣಲ್ಲಿ ನೀರು, ಬಾಯಲ್ಲಿ ಮಾತಿಲ್ಲ. ತಪಾಸಣೆಯವನು 'ಮೌನ, ತೃಪ್ತಿಕರ' ಎಂದು ಬರೆದುಕೊಂಡು, ಸೀಟಿನ ಅಂಚನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ.

ಮೂರನೆಯ ಸಂಜೆ, ದಾರಿ ಮುಗಿಯಲು ಇನ್ನೆರಡು ತಿರುವು ಇರುವಾಗ, ನೀರಿನ ಟ್ಯಾಂಕರೊಂದು ಓಣಿಯೊಳಗಿಂದ ಹಿಂದೆ ಹಿಂದೆ ಬರತೊಡಗಿತು. ಹೆಂಡತಿ ನೋಡಿದಳು. ತಪಾಸಣೆಯವನೂ ನೋಡಿದ. ಯಜಮಾನರೊಬ್ಬರು ನೋಡಲಿಲ್ಲ; ಅವರ ಕಿವಿ ಪಕ್ಕದ ಸೀಟಿನ ಮೌನದಲ್ಲೇ ಸಿಕ್ಕಿಕೊಂಡಿತ್ತು.

"ಅಮ್ಮಾ, ಹೇಳೀಮ್ಮಾ!" ತಪಾಸಣೆಯವನು ಚೀರಿದ.

ಆಕೆ ಅವನ ಪುಸ್ತಕದ ಕಡೆ ಬೆರಳು ತೋರಿಸಿದಳು.

"ಬರ್ಕೊಳಲ್ಲ! ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ಬಿಡೀಮ್ಮಾ!"

"ಬ್ರೇಕ್ ಹಾಕ್ರೀ!"

ಕಾರು ಟ್ಯಾಂಕರಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಡಬ್ಬಿಯೊಳಗೆ ನಾಲ್ಕು ಜನರ ಹಲ್ಲು ಕಟಕಟ ಎಂದಿತು.

ಆಮೇಲೆ ಕೇಳಬೇಕೇ? ಮೂರು ದಿನದ ಮಾತು ಒಟ್ಟಿಗೇ ಬಂತು. ಹೂವಿನಂಗಡಿಯವಳು, ಮಂಡಿ, ಗೋಡೆ, ಜಿರಲೆ, "ಎಡಕ್ಕೆ ತಗೊಳ್ರಿ, ಅಲ್ಲಿ ಹಳ್ಳ ಇದೆ, ಅಬ್ಬಾ ನಂಗೆ ಎದೆ ಒಡೆದೇ ಹೋಗಿತ್ತು". ಕಾರು ಬೆಣ್ಣೆಯಲ್ಲಿ ಜಾರಿದಂತೆ ಹೋಗಿ ಆಸ್ಪತ್ರೆಯ ಬಾಗಿಲಲ್ಲೇ ನಿಂತಿತು. ತಪಾಸಣೆಯವನು ಹಿಂದೆ ಕೂತು ಬೆವರು ಒರೆಸಿಕೊಳ್ಳುತ್ತಾ ಏನೇನೋ ಗೀಚಿದ. 'ಮುಗೀತು, ಕಾರು ಹೋಯ್ತು' ಎಂದು ಯಜಮಾನರು ತಲೆ ಮೇಲೆ ಕೈಹೊತ್ತರು.

ವಾರದ ಮೇಲೆ ಪತ್ರ ಬಂತು. 'ತಪಾಸಣೆಯ ಪ್ರಕಾರ ಈ ವಾಹನವನ್ನು ಚಲಾಯಿಸುತ್ತಿರುವವರು ಪಕ್ಕದ ಸೀಟಿನ ಮಹಿಳೆ. ಸ್ಟೀರಿಂಗ್ ಹಿಡಿದಿರುವ ವ್ಯಕ್ತಿಯನ್ನು ಇನ್ನು ಮುಂದೆ ಸಹಪ್ರಯಾಣಿಕನೆಂದು ಪರಿಗಣಿಸಲಾಗುವುದು. ಚಾಲಕಿ ಇದುವರೆಗೆ ಎಲ್ಲೂ ಗುದ್ದಿಲ್ಲವಾದ್ದರಿಂದ ಪ್ರೀಮಿಯಂ ಅರ್ಧಕ್ಕೆ ಇಳಿಸಲಾಗಿದೆ. ಹೊಸ ಅರ್ಜಿಯನ್ನು ಅವರೇ ತುಂಬತಕ್ಕದ್ದು.'

ಹೆಂಡತಿ ನಕ್ಕು ನಕ್ಕು ಸುಸ್ತಾದಳು. ಕನ್ನಡಕ ಏರಿಸಿ ಅರ್ಜಿ ತುಂಬಲು ಕೂತಳು. ವಯಸ್ಸು, ಓಡುವ ದೂರ, ಎಲ್ಲ ಆಯಿತು. ಹದಿನೇಳನೆಯದಕ್ಕೆ ಬಂದಾಗ ಅವಳ ನಗು ನಿಂತಿತು. ಒಂದು ಗಳಿಗೆಯೂ ಯೋಚಿಸಲಿಲ್ಲ. 'ಇಲ್ಲ' ಎಂದು ಬರೆದಳು. ಜಾಗ ಉಳಿದಿತ್ತು, ಅಲ್ಲೂ ಬರೆದಳು: 'ಒಂದು ಸಲವೂ ಇಲ್ಲ.'

ಯಜಮಾನರು ಹಿಂದಿನಿಂದ ಓದಿದರು. ತಪ್ಪು ಹುಡುಕುವುದು ಅವರ ಕಸುಬು. ಕೂದಲೆಳೆಯಷ್ಟೂ ತಪ್ಪು ಸಿಗಲಿಲ್ಲ.

ಆ ಸಂಜೆ ಆಕೆ ಡಬ್ಬಿ ಹಿಡಿದು ಕೂತು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಕೆಮ್ಮಿದರು. ಗಂಟಲು ತುಕ್ಕು ಹಿಡಿದಿತ್ತು.

"ಆ ಮೂರು ದಿನ ನೀನು ಮಾತಾಡ್ದೇ ಇದ್ದಾಗ ನಂಗೆ ಭಯ ಆಯ್ತು ಕಣೇ. ಮನೇಲಿ ನಿಂಗೂ ದಿನಾ ಹೀಗೇನಾ ಇರೋದು ಅನ್ನಿಸ್ತು. ಮೋಟಾರು ಇನ್ನು ಸಂಜೆ ನಾಲ್ಕಕ್ಕೇ ಆಫ್ ಮಾಡ್ತೀನಿ."

ಆಕೆ ಡಬ್ಬಿಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು. ಮೂಗು ಒರೆಸಿಕೊಂಡಳು.

"ಸುಮ್ನಿರಿ," ಎಂದಳು. "ಪ್ರೀಮಿಯಂ ಜಾಸ್ತಿ ಆಗುತ್ತೆ."

ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: "ಇನ್ನೇನು ಅನ್ನಿಸ್ತು?"