ನಲವತ್ತು ಆಲಿವ್ ಮರಗಳ ಸಾಕ್ಷಿ

ನಾನು ಒಂದು ಕೊಡಲಿ. ಯೂದಾಯದ ಬೆಟ್ಟದೂರೊಂದರ ಕುಲುಮೆಯಲ್ಲಿ ಹುಟ್ಟಿದೆ. ಒಳ್ಳೆಯವನು ಎನಿಸಿಕೊಳ್ಳುವ ಆಸೆ ನನಗಿಲ್ಲ. ಮರ ಕಂಡರೆ ನನ್ನ ಬಾಯಲ್ಲಿ ನೀರೂರುತ್ತಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ನನ್ನನ್ನು ಕೊಂಡವನು ನೇರೀಯ ಎಂಬ ಬಡಗಿ. ಮರವೊಂದನ್ನು ತಟ್ಟಿ ನೋಡಿದರೆ ಸಾಕು, ಅದರ ವಯಸ್ಸು, ರೋಗ, ಫಲ ಎಲ್ಲವನ್ನೂ ಹೇಳಿಬಿಡುತ್ತಿದ್ದ. ಅವನೂ ಅವನ ಹೆಂಡತಿ ತಿರ್ಚಾಳೂ ಮನೆಯ ಹಿಂದೆ ದ್ರಾಕ್ಷಿ ತೋಟ ಹಾಕಿದ್ದರು. ಅವರ ಧರ್ಮಶಾಸ್ತ್ರದ ಪ್ರಕಾರ ಮೊದಲ ಮೂರು ವರ್ಷದ ಹಣ್ಣನ್ನು ಮುಟ್ಟುವಂತಿಲ್ಲ. ನಾಲ್ಕನೆಯ ವರ್ಷದ್ದು ದೇವರಿಗೆ, ಐದನೆಯದು ಮನೆಗೆ.

ಮೂರನೆಯ ವರ್ಷ ಯುದ್ಧದ ಕರೆ ಬಂತು. ಹೊರಡುವ ಮುಂಚೆ ಅಧಿಕಾರಿಯೊಬ್ಬ ದಂಡಿನ ಎದುರು ನಿಂತು ಕೇಳಿದ, ತೋಟ ಹಾಕಿ ಅದರ ಹಣ್ಣು ತಿನ್ನದವರು ಯಾರಾದರೂ ಇದ್ದರೆ ಮನೆಗೆ ಹೋಗಬಹುದು, ಹೆದರಿಕೆಯಿದ್ದವರೂ ಹೋಗಬಹುದು ಎಂದು. ಇದೂ ಶಾಸ್ತ್ರವೇ. ನೇರೀಯ ಒಂದು ಹೆಜ್ಜೆ ಮುಂದಿಟ್ಟ. ಪಕ್ಕದಲ್ಲಿದ್ದ ತಿರ್ಚಾಳ ಅಣ್ಣ ಶಿಮ್ರಿ ಕಿಸಕ್ಕೆಂದು ನಕ್ಕ.

"ಹೋಗಪ್ಪಾ ಹೋಗು. ಹೆದರಿದವರೂ ಅದೇ ದಾರಿಯಲ್ಲೇ ಹೋಗ್ತಿದ್ದಾರೆ."

ನೇರೀಯ ಇಟ್ಟ ಹೆಜ್ಜೆಯನ್ನು ಹಿಂದಕ್ಕೆಳೆದುಕೊಂಡ. ಅವನ ಬದುಕಿನಲ್ಲಿ ನಾನು ಕಂಡ ದೊಡ್ಡ ತಪ್ಪು ಅದೊಂದೇ.

ನಾವು ಮುತ್ತಿಗೆ ಹಾಕಿದ ಊರಿಗೆ ಎತ್ತರದ ಕೋಟೆಯಿತ್ತು. ಮೊದಲು ಸಂಧಿಗೆ ಕರೆಯಬೇಕೆಂಬುದು ನಿಯಮ, ಕರೆದರು. ಬಾಗಿಲು ತೆರೆಯಲಿಲ್ಲ. ಅಲ್ಲಿಂದ ಮುಂದೆ ಒಳಗಿದ್ದವರು ಹೊರಗೆ ಬರುವಂತಿರಲಿಲ್ಲ, ಹೊರಗಿದ್ದ ನಾವು ಮನೆಗೆ ಹೋಗುವಂತಿರಲಿಲ್ಲ. ಗೋಡೆಯ ಯಾವ ಕಡೆಯವರು ಸೆರೆಯಾಳುಗಳೆಂದು ನನಗೆ ತಿಳಿಯುತ್ತಿರಲಿಲ್ಲ. ಗೋಡೆಯೆತ್ತರಕ್ಕೆ ದಿಬ್ಬ ಕಟ್ಟಲು ಮರ ಬೇಕಿತ್ತು. ಸುತ್ತಲಿನ ಓಕ್ ಮರಗಳನ್ನೆಲ್ಲ ಕಡಿದೆವು. ಎರಡನೆಯ ಚಳಿಗಾಲ ಕಳೆಯುವಷ್ಟರಲ್ಲಿ ಉಳಿದದ್ದು ಊರಿನವರ ನಲವತ್ತು ಆಲಿವ್ ಮರಗಳು ಮಾತ್ರ.

ಮುತ್ತಿಗೆಯಲ್ಲಿ ಫಲದ ಮರವನ್ನು ಕಡಿಯಬಾರದೆಂಬುದು ಆ ಜನರ ಕಟ್ಟಳೆ. ಗೊಡ್ಡು ಮರವಾದರೆ ಅಡ್ಡಿಯಿಲ್ಲ. ಯಾವುದು ಗೊಡ್ಡು ಎಂದು ಹೇಳುವವನು ದಂಡಿನ ಬಡಗಿ, ಅಂದರೆ ನಮ್ಮ ನೇರೀಯ. ಅವನು ಹೇಳದೆ ಸೈನಿಕರು ಮರ ಮುಟ್ಟುತ್ತಿರಲಿಲ್ಲ.

ನಾಯಕ ನೇರೀಯನನ್ನೂ ಶಿಮ್ರಿಯನ್ನೂ ಡೇರೆಗೆ ಕರೆಸಿದ.

"ಕೊಂಬೆಯಲ್ಲಿ ಕಾಯಿಲ್ಲ, ಹೂವಿಲ್ಲ. ಗೊಡ್ಡು ಅಂತ ಒಂದು ಮಾತು ಹೇಳು. ನಾಳೆಯೇ ನಿನ್ನ ಮನೆಗೆ ಕಳಿಸ್ತೀನಿ."

ಮುಂದಿನ ಬೇಸಿಗೆಗೆ ತೋಟಕ್ಕೆ ಐದನೆಯ ವರ್ಷ. ಹೇಳಿಬಿಡು ಮಾರಾಯ, ಎಂದು ನಾನೂ ಒಳಗೊಳಗೇ ಅಂದುಕೊಂಡೆ.

"ಫಲದ ಮರ ಒಡೆಯಾ," ಎಂದ ನೇರೀಯ. "ಎಲೆ ಬುಡದಲ್ಲಿ ಮೊಗ್ಗು ಕೂತಿದೆ. ಆ ಮರಗಳು ನಮಗೇನು ಮಾಡಿವೆ? ಯುದ್ಧ ಮುಗಿದ ಮೇಲೂ ಆ ಊರಲ್ಲಿ ಮಕ್ಕಳು ಉಣ್ಣಬೇಕಲ್ಲ."

"ನಿನ್ನ ಹೆಂಡತಿ?"

"ಕಾಯ್ತಿದ್ದಾಳೆ," ಎಂದಷ್ಟೇ ಹೇಳಿದ.

ನಾಯಕ ನನ್ನನ್ನು ಅವನ ಕೈಯಿಂದ ಕಿತ್ತು ಶಿಮ್ರಿಗೆ ಕೊಟ್ಟು, ಇನ್ನು ದಂಡಿನ ಬಡಗಿ ನೀನೇ ಎಂದ. ನೇರೀಯನನ್ನು ಗೋಡೆಯ ಬುಡಕ್ಕೆ ಮಣ್ಣು ಹೊರಲು ಅಟ್ಟಿದರು. ಶಿಮ್ರಿ ಮರಗಳ ಮುಂದೆ ನಿಂತು, ತಗ್ಗಿಸಿದ ತಲೆ ಎತ್ತದೆ, ಗೊಡ್ಡು ಎಂದ. ಕೊಡಲಿಗೆ ಕೈ ಆರಿಸಿಕೊಳ್ಳುವ ಹಕ್ಕಿಲ್ಲ. ನಲವತ್ತನ್ನೂ ನಾನೇ ಕಡಿದೆ. ಒಂದೊಂದು ಏಟಿಗೂ ಹಸಿ ರಸ ನನ್ನ ಮುಖಕ್ಕೆ ಸಿಡಿಯಿತು, ಸಾಸಿವೆಯಷ್ಟು ಮೊಗ್ಗುಗಳು ಉದುರಿ ಮೈಗಂಟಿಕೊಂಡವು. ಗೋಡೆಯ ಮೇಲೆ ಯಾರೋ ಮುದುಕಿ ಅಳುತ್ತಿದ್ದಳು. ಮರದ ಮೇಲಿನ ಆಸೆ ನನಗೆ ಅಂದೇ ಸತ್ತಿತು.

ಮನೆಗೆ ಬಂದವನು ಶಿಮ್ರಿ, ಅವನ ಹೆಗಲ ಮೇಲೆ ನಾನು.

"ಅಣ್ಣಾ, ಅವರ್ಯಾಕೆ ಬರಲಿಲ್ಲ?" ಎಂದಳು ತಿರ್ಚಾ.

"ಬರಬಹುದಿತ್ತು ಕಣಮ್ಮಾ. ಗೊಡ್ಡು ಮರಗಳನ್ನ ಗೊಡ್ಡು ಅನ್ನೋಕೆ ನಿನ್ನ ಗಂಡ ಒಪ್ಪಲಿಲ್ಲ. ಹಟ."

ದ್ರಾಕ್ಷಿ ಹಣ್ಣಾಗುವ ಮೊದಲೇ ಇನ್ನೊಂದು ಸುದ್ದಿ ಬಂತು. ಗೋಡೆಯ ಮೇಲಿಂದ ಬಿದ್ದ ಕಲ್ಲಿಗೆ ಸಿಕ್ಕಿ ನೇರೀಯ ಸತ್ತಿದ್ದ. ತಿರ್ಚಾ ಅಣ್ಣನ ಮನೆಗೆ ಹೋಗಿ ನನ್ನನ್ನು ಎತ್ತಿಕೊಂಡು ಬಂದಳು.

ಈಗ ನನಗೆ ತುಕ್ಕು ಹಿಡಿದಿದೆ, ಅವಳ ಕೂದಲು ನೆರೆತಿದೆ. ನನ್ನನ್ನು ಮಸೆಯಲು ಅವಳು ಯಾರಿಗೂ ಬಿಡುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ಮೊದಲ ಗೊಂಚಲು ಕಿತ್ತುಕೊಂಡು ಬಂದು ನನ್ನ ಮೂಲೆಯಲ್ಲಿ ಕೂರುತ್ತಾಳೆ. ಸತ್ತ ಗಂಡನ ಜತೆ ಜಗಳವಾಡುತ್ತಾಳೆ.

"ಗೊಡ್ಡು ಮರಗಳಿಗೋಸ್ಕರ ನನ್ನ ಬಿಟ್ಟುಹೋದ್ರಲ್ಲ. ಅವಕ್ಕಿಂತ ಕಡೆಯಾದೆನಾ ನಾನು?"

ಗೊಡ್ಡಲ್ಲ ತಾಯಿ, ಒಂದೂ ಗೊಡ್ಡಲ್ಲ ಎಂದು ನಾನು ಹೇಳುತ್ತಲೇ ಇರುತ್ತೇನೆ. ಅವಳು ಗೊಂಚಲು ಮುಗಿಸಿ, ಬೀಜಗಳನ್ನು ನನ್ನ ಪಕ್ಕಕ್ಕೆ ಉಗಿದು, ಎದ್ದು ಹೋಗುತ್ತಾಳೆ.