ಕೆಂದನ ಕಡೆ, ಮಾಸನ ಕಡೆ

ಮುನಿರಾಜಪ್ಪನವರ ಬಾಯಿಂದ ಎಡ ಎಂಬ ಮಾತಾಗಲಿ ಬಲ ಎಂಬ ಮಾತಾಗಲಿ ಹೊರಟದ್ದನ್ನು ದೊಮ್ಮಲೂರಿನಲ್ಲಿ ಕೇಳಿದವರಿಲ್ಲ. ಅವರ ಲೋಕದಲ್ಲಿ ಇದ್ದದ್ದು ಕೆಂದನ ಕಡೆ, ಮಾಸನ ಕಡೆ, ಅಷ್ಟೆ. ಇವೆರಡೂ ಅವರ ಗಾಡಿ ಎಳೆಯುತ್ತಿದ್ದ ಎತ್ತುಗಳು. ಕೆಂಪು ಮೈಯ ಕೆಂದ ನೊಗದ ಎಡಕ್ಕೆ, ಬೂದಿ ಬಣ್ಣದ ಮಾಸ ಬಲಕ್ಕೆ. ಹೊಲಗಳು ಬಡಾವಣೆಯಾಗಿ, ಎತ್ತುಗಳು ಕಣ್ಮರೆಯಾಗಿ ಇಪ್ಪತ್ತು ವರ್ಷ ಸಂದಿದ್ದರೂ ಆ ಎರಡು ಪ್ರಾಣಿಗಳು ಅಗೋಚರವಾಗಿ ಅವರ ಎರಡು ಭುಜಗಳ ಪಕ್ಕದಲ್ಲಿ ನಡೆಯುತ್ತಲೇ ಇದ್ದವು. ಆಟೋ ಹತ್ತಿದರೆ "ಮುಂದೆ ಕೆಂದನ್ ಕಡೆ ತಿರುಗ್ಸಪ್ಪಾ" ಎನ್ನುವರು; ಕೆಂದ ಯಾರೆಂದು ಆಟೋದವನು ಕೇಳಿದರೆ, ಲೋಕಜ್ಞಾನವಿಲ್ಲದವನನ್ನು ನೋಡುವಂತೆ ನೋಡಿ ಎಡಗೈಯನ್ನು ಹೊರಗೆ ಚಾಚುವರು. ಮದುವೆಮನೆಯ ಬಾಳೆಲೆಯಲ್ಲಿ ಉಪ್ಪಿನಕಾಯಿ ಕೂಡ ಕೆಂದನ ಕಡೆಗೇ ಬೀಳಬೇಕು.

ನಾನು ಅವರ ವಠಾರದ ಮೂರನೆಯ ಮನೆಯಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದವನು, ವಿಮಾ ಕಚೇರಿಯ ಗುಮಾಸ್ತ. ಮನೆಯ ಮಾಲೀಕರನ್ನು ಹೊಗಳುವ ಚಾಳಿ ನನಗಿಲ್ಲ. ನೀರಿನ ಮೋಟಾರಿನ ವಿಷಯದಲ್ಲಿ ಅವರಿಗೂ ನನಗೂ ನಡೆದ ಜಗಳಗಳನ್ನು ಬರೆದರೆ ಅದೇ ಒಂದು ಗ್ರಂಥವಾದೀತು. ಆದರೂ ಆ ಎತ್ತರದ ಆಳು, ಪಂಚೆಯ ಮೇಲೆ ಶಿವಾಜಿನಗರದಲ್ಲಿ ಕೊಂಡ ಮಿಲಿಟರಿಯ ಹಳೆಯ ಉಣ್ಣೆ ಕೋಟು ತೊಟ್ಟು, ಬೇಸಗೆಯೆನ್ನದೆ ಚಳಿಯೆನ್ನದೆ, ಎರಡೂ ಮುಷ್ಟಿಗಳನ್ನು ಹಗ್ಗ ಹಿಡಿದವರಂತೆ ಸಡಿಲವಾಗಿ ಮುಂದಿಟ್ಟುಕೊಂಡು ನಡೆದು ಬರುತ್ತಿದ್ದರೆ ಜಗಳವಾಡಲು ಬಂದ ನಾನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದೆ.

೧೯೯೯ರ ಯುಗಾದಿ ಕಳೆದ ವಾರ ಅವರಿಗೆ ಲಕ್ವ ಹೊಡೆಯಿತು. ಕಾಲು ನಾಲ್ಕು ತಿಂಗಳಲ್ಲಿ ಸರಿಹೋಯಿತು, ಮಾತು ಅದಕ್ಕೂ ಮೊದಲೇ ಸರಿಹೋಯಿತು, ಎಡಗೈ ಮಾತ್ರ ಅರ್ಧಕ್ಕೇ ನಿಂತಿತು. ಬೆರಳು ಬಿಗಿಯಾಗಲೆಂದು ಡಾಕ್ಟರು ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು "ನಾನೇನು ಕೂಸಾ" ಎಂದು ಅಟ್ಟಕ್ಕೆ ಎಸೆದರು. ಅವರ ಹೆಂಡತಿ ಮಂಜುಳಮ್ಮ ಮೊಪೆಡ್ಡಿನ ಕೀಯನ್ನು ತಮ್ಮ ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡರು. ಹತ್ತನೆಯ ವಯಸ್ಸಿಗೇ ಹಗ್ಗ ಹಿಡಿದು ಹಲಸೂರಿನ ಸಂತೆಗೆ ಸೊಪ್ಪಿನ ಗಾಡಿ ಹೊಡೆದಿದ್ದ, ಎತ್ತು ಹೋದ ಮೇಲೆ ಮೊಪೆಡ್ಡನ್ನೇ ಎತ್ತೆಂದು ಭಾವಿಸಿ ದಿನವೂ ಒರೆಸುತ್ತಿದ್ದ ಮನುಷ್ಯ ಜಗಲಿಯಲ್ಲಿ ಕುಳಿತು ರಸ್ತೆ ನೋಡತೊಡಗಿದ್ದನ್ನು ಕಂಡು ನಾನು ಮೋಟಾರಿನ ಜಗಳವನ್ನು ಕೆಲವು ದಿನ ಮುಂದೂಡಿದೆ. "ಕೈ ಹೋದ್ರೆ ಹೋಯ್ತು ಸಾರ್," ಎಂದರು ಒಂದು ದಿನ, "ಆದ್ರೆ ಹಿಂದಿನ್ ಸೀಟಲ್ಲಿ ಕೂತ್ಕೊಂಡು ಕಾಲ ಹಾಕೋದು ನನ್ ಕೈಲಾಗಲ್ಲ."

ಆ ಶ್ರಾವಣದಲ್ಲಿ ಮಿಕ್ಸಿಯ ಬ್ಲೇಡು ಹಾಕಿಸಲು ಶಿವಾಜಿನಗರಕ್ಕೆ ಹೊರಟ ನನ್ನ ಜೊತೆ ಅವರೂ ಬಂದರು. ಅಲ್ಲೊಂದು ಅಂಗಡಿಯ ಮುಂದೆ ರಿಮೋಟಿನಿಂದ ಓಡುವ ಆಟಿಕೆ ಕಾರೊಂದು ಗಿರಗಿರನೆ ಸುತ್ತುತ್ತಿತ್ತು. ಮುನಿರಾಜಪ್ಪನವರು ಅಲ್ಲಿ ನೆಟ್ಟ ಕಂಬವಾದರು.

"ಹಗ್ಗ ಎಲ್ಲಿ?" ಎಂದು ಅಂಗಡಿಯವನನ್ನು ಕೇಳಿದರು.

"ಹಗ್ಗ ಗಿಗ್ಗ ಇಲ್ಲ ಯಜಮಾನ್ರೇ, ಗಾಳೀಲೇ ಹೋಗ್ತದೆ."

"ಕಾಣಲ್ಲ ಅನ್ನು," ಎಂದು ತಿದ್ದಿ, ದುಡ್ಡು ಎಣಿಸಿ ಕೊಟ್ಟು, ಕಾರನ್ನು ಕೋಟಿನ ಒಳಜೇಬಿಗಿಳಿಸಿ ಮನೆಗೆ ತಂದರು. ಮೂರೇ ದಿನಕ್ಕೆ ಅದು ಗೋಡೆಗೆ ಗುದ್ದಿ ಸತ್ತಿತು.

ನನಗೆ ಪರಿಚಯವಿದ್ದ ಯಜ್ಞನಾರಾಯಣರ ಬಳಿ ಅವರನ್ನು ಕರೆದುಕೊಂಡು ಹೋದದ್ದು ನಾನೇ. ಆ ಪುಣ್ಯವೋ ಪಾಪವೋ ನನ್ನ ತಲೆಯ ಮೇಲಿದೆ. ಸರ್ಕಾರಿ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದ ಯಜ್ಞನಾರಾಯಣರು, ಇಂದಿರಾನಗರದ ಒಂದು ಖಾಲಿ ಮೈದಾನದಲ್ಲಿ ಭಾನುವಾರ ಬೆಳಗ್ಗೆ ಏಳೆಂಟು ಮಂದಿಯನ್ನು ಸೇರಿಸಿಕೊಂಡು ರಿಮೋಟ್ ಕಾರು ಓಡಿಸುತ್ತಿದ್ದರು. ಸತ್ತ ಆಟಿಕೆಯನ್ನು ಕನ್ನಡಕ ಏರಿಸಿ ನೋಡಿ, "ಬಿಚ್ಚಿ ಕಟ್ಟೋಕೆ ಬರದೇ ಇದ್ದದ್ದು ಗಾಡಿನೇ ಅಲ್ಲ ರೀ," ಎಂದು ತೀರ್ಪು ಕೊಟ್ಟರು. ಕಲಿಯುವವರಿಗೆ ಚಕ್ರ, ಹಲ್ಲುಗಾಲಿ, ಮೋಟಾರು ಎಲ್ಲವನ್ನೂ ಒಂದೊಂದಾಗಿ ಬದಲಿಸಬಹುದಾದ ಗಾಡಿಯೇ ಬೇಕು, ಅತಿ ವೇಗದ್ದು ಬೇಡ, ಮೊದಲ ತಿಂಗಳು ಬಯಲಲ್ಲಿ ನಿಧಾನವಾಗಿ ಓಡಿಸಬೇಕು ಎಂದು ಉಪದೇಶಿಸಿ, ತಾವೇ ಮುಂದೆ ನಿಂತು ಅಂಥದೊಂದನ್ನು ಕೊಡಿಸಿದರು. ಮೊದಲು ರಿಮೋಟು ಹಾಕಿ ಆಮೇಲೆ ಕಾರು ಹಾಕಬೇಕು, ನಿಲ್ಲಿಸುವಾಗ ಮೊದಲು ಕಾರು ಆರಿಸಿ ಆಮೇಲೆ ರಿಮೋಟು, ತಪ್ಪಿದರೆ ಕಾರು ಕೈಮೀರಿ ಓಡೀತು ಎಂಬ ನಿಯಮವನ್ನು ಹೊಸಬರಿಗೆ ಅವರು ಹತ್ತು ಸಲ ಹೇಳಬೇಕಾಗುತ್ತಿತ್ತು. ಮುನಿರಾಜಪ್ಪನವರು ಒಂದೇ ಸಲಕ್ಕೆ ತಲೆಯಾಡಿಸಿದರು: "ಅದೇನ್ ಹೊಸದಾ? ಕಟ್ಟೋವಾಗ ಹಗ್ಗ ಕೈಗೆ ತಗೊಂಡು ಆಮೇಲೆ ನೊಗ, ಬಿಚ್ಚೋವಾಗ ನೊಗ ಇಳಿಸಿ ಆಮೇಲೆ ಹಗ್ಗ."

ಎತ್ತಿನ ಜ್ಞಾನ ಎಲ್ಲ ಕಡೆಯೂ ಕಾಯಲಿಲ್ಲ. ಮೂರು ಗಂಟೆ ಚಾರ್ಜು ಸಾಕೆಂದು ಬರೆದುಕೊಟ್ಟಿದ್ದರೂ, ದುಡಿಯುವ ಪ್ರಾಣಿ ರಾತ್ರಿಯಿಡೀ ಮೇಯಬೇಕೆಂದು ನಂಬಿದ್ದ ಇವರು ಶನಿವಾರ ಸಂಜೆ ಬ್ಯಾಟರಿಯನ್ನು ಹಚ್ಚಿ ಭಾನುವಾರ ಬೆಳಗ್ಗೆ ಬಿಚ್ಚಿದರು. ಅದು ಕಾದು ಉಬ್ಬಿ, ಮುಟ್ಟಿದರೆ ಸುಡುತ್ತಿತ್ತು. ಯಜ್ಞನಾರಾಯಣರು ಅದನ್ನು ಕರ್ಚೀಫಿನಲ್ಲಿ ಹಿಡಿದು, "ಎತ್ತಲ್ಲ ರೀ ಇದು, ಬ್ಯಾಟರಿ. ಹೊಟ್ಟೆ ತುಂಬಿದ್ದು ಇದಕ್ಕೆ ಗೊತ್ತಾಗಲ್ಲ," ಎಂದರು. ಮುನಿರಾಜಪ್ಪನವರು ಆ ಭಾನುವಾರ ಉಪವಾಸವಿದ್ದವರಂತೆ ಮುಖ ಮಾಡಿಕೊಂಡು ಕುಳಿತಿದ್ದರು, ಮುಂದಿನ ವಾರ ಹೊಸ ಬ್ಯಾಟರಿಯ ಜೊತೆಗೆ ಒಂದು ಅಲಾರಾಂ ಗಡಿಯಾರವನ್ನೂ ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದರು.

ಆ ಮೈದಾನಕ್ಕೊಂದು ಕಟ್ಟಳೆಯಿತ್ತು. ಎರಡು ಇಟ್ಟಿಗೆಗಳನ್ನು ಹತ್ತು ಹೆಜ್ಜೆ ದೂರದಲ್ಲಿಟ್ಟು, ಅವನ್ನು ಬಳಸಿ ಕಾರಿನಿಂದ ಎಂಟು ಅಂಕೆಯನ್ನು, ಎಲ್ಲೂ ತಗುಲದಂತೆ, ಎಂಟು ಸುತ್ತು ಬರೆದವರಿಗೆ ಮಾತ್ರ ಉಳಿದವರ ಜೊತೆ ಓಡಿಸುವ ಹಕ್ಕು. ಇಂದಿರಾನಗರದ ಆರ್‌ಟಿಓದಲ್ಲಿ ಲೈಸೆನ್ಸಿಗಾಗಿ ಎಂಟು ಹಾಕಿ ಕಾಲೂರಿದ ನೆನಪು ನಮಗೆಲ್ಲ ಇತ್ತು. ಇದು ಅದರ ತಾತ. ಕಾರು ನಮ್ಮಿಂದ ಆಚೆ ಹೋಗುವಾಗ ಎಲ್ಲವೂ ಸುಸೂತ್ರ. ಅದು ತಿರುಗಿ ನಮ್ಮತ್ತ ಬರತೊಡಗಿದೊಡನೆ ನಮ್ಮ ಎಡ ಅದರ ಬಲ, ನಮ್ಮ ಬಲ ಅದರ ಎಡ. ನಾನೂ ಒಮ್ಮೆ ಕೈ ಹಾಕಿ ಯಜ್ಞನಾರಾಯಣರ ಟಿಫನ್ ಕ್ಯಾರಿಯರನ್ನು ಉರುಳಿಸಿ, ನೆಲ ಡೊಂಕೆಂದು ಹೇಳಿ ಪಾರಾದೆ. ಮುನಿರಾಜಪ್ಪನವರಿಗೆ ಕಷ್ಟ ಇಮ್ಮಡಿ: ರಿಮೋಟಿನಲ್ಲಿ ತಿರುವು ಬಲ ಹೆಬ್ಬೆರಳಿಗೆ, ವೇಗ ಎಡ ಹೆಬ್ಬೆರಳಿಗೆ, ಆ ಎಡ ಹೆಬ್ಬೆರಳೋ ಲಕ್ವದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ.

ಅವರು ಬಿಡಲಿಲ್ಲ. ವಠಾರದ ಹಿಂದೆ, ಒಂದು ಕಾಲಕ್ಕೆ ರಾಗಿ ಬಡಿಯುತ್ತಿದ್ದ ಕಣ ಉಳಿದಿತ್ತು. ದಿನವೂ ಬೆಳಗ್ಗೆ ಆರಕ್ಕೆ ಅಲ್ಲಿ ಇಟ್ಟಿಗೆಗಳು ಕೂರುತ್ತಿದ್ದವು, ಕಾರಿನ ಗುಯ್‌ಗುಟ್ಟುವಿಕೆಯೂ ನಾಲಗೆಯ ಚ್ಚ್ ಚ್ಚ್ ಶಬ್ದವೂ ನನ್ನ ಬೆಳಗಿನ ನಿದ್ದೆಯನ್ನು ಹಾಳುಮಾಡುತ್ತಿದ್ದವು. ಮಂಜುಳಮ್ಮನವರು ರೋಸಿಹೋಗಿ, ಒಂದು ದಿನ ಸೆರಗಿನ ಗಂಟನ್ನು ಎತ್ತಿ ತೋರಿಸಿ ನಾಲ್ಕು ಮನೆಯವರ ಎದುರು ಹೇಳಿದರು: "ಆ ಆಟದ್ ಗಾಡೀಲಿ ಎಂಟು ಹಾಕಿ ತೋರ್ಸಿ, ಅವತ್ತು ಈ ಕೀ ನಿಮ್ ಕೈಗೆ ಕೊಡ್ತೀನಿ. ಅಲ್ಲೀವರ್ಗೂ ಮೊಪೆಡ್ಡಿನ್ ಮಾತೆತ್ಬೇಡಿ." ಆಗದ ಕೆಲಸದ ಷರತ್ತು ಹಾಕಿದರೆ ಹಟ ಇಳಿದೀತೆಂದು ಆಕೆಯ ಲೆಕ್ಕಾಚಾರ. ಮೂವತ್ತೈದು ವರ್ಷ ಸಂಸಾರ ಮಾಡಿದವರೂ ಒಮ್ಮೊಮ್ಮೆ ಹೀಗೆ ಎಡವುತ್ತಾರೆ.

ಮರುವರ್ಷದ ಕಾರ್ತಿಕದಲ್ಲಿ ಮುನಿರಾಜಪ್ಪನವರು ಪರೀಕ್ಷೆಗೆ ನಿಂತರು. ಏಳು ಸುತ್ತು ತುಂಬಿತು. ಎಂಟನೆಯದರಲ್ಲಿ, ಕಾರು ನಮ್ಮತ್ತ ಬರುವಾಗ, ಹಿಂದಿನ ಚಕ್ರ ಇಟ್ಟಿಗೆಯನ್ನು ಸವರಿತೋ ಇಲ್ಲವೋ ಎಂಬಷ್ಟು ಸವರಿತು. ಮೂವತ್ತು ವರ್ಷ ಒಂದು ಸ್ಕ್ರೂವನ್ನೂ ಸುಮ್ಮನೆ ಪಾಸು ಮಾಡದಿದ್ದ ಯಜ್ಞನಾರಾಯಣರು ಆ ಮನುಷ್ಯನ ನಡುಗುವ ಹೆಬ್ಬೆರಳನ್ನು ನೋಡಿ, "ನನಗೇನೂ ಕಾಣ್ಲಿಲ್ಲ ಬಿಡ್ರೀ, ಆಯ್ತು," ಎಂದರು.

"ತಗುಲ್ತು," ಎಂದು ಮುನಿರಾಜಪ್ಪನವರು ಕಾರು ಆರಿಸಿದರು, ಆಮೇಲೆ ರಿಮೋಟು ಆರಿಸಿದರು. ನನಗೆ ಅವರ ಮೇಲೆ ಎಂಥ ಕೋಪ ಬಂತೆಂದರೆ, ಬಾಯಿಗೆ ಬಂದ ತುತ್ತನ್ನು ಉಗುಳಿದವರೆಂದು ಮನಸ್ಸಿನಲ್ಲೇ ಬೈದುಕೊಂಡೆ.

ದಾರಿ ತೋರಿದ್ದು ಒಂದು ಚಿಟಿಕೆ ಉಪ್ಪು. ಮುದ್ದೆಗೆ ಕುಳಿತಿದ್ದ ಗಂಡ ತಲೆಯೆತ್ತದೆ "ಉಪ್ಪು ಕೆಂದನ್ ಕಡೆ ಇಕ್ಕು" ಎಂದಾಗ, ಎದುರಿಗೆ ನಿಂತಿದ್ದ ಮಂಜುಳಮ್ಮ ಕೈ ತಡೆದು ಕೇಳಿದರಂತೆ: "ನಿಮ್ ಕೆಂದನೋ, ನನ್ ಕೆಂದನೋ? ಎದುರ್ಗೆ ನಿಂತೋಳ್ಗೆ ಕೆಂದ ಆ ಕಡೆ ಇರ್ತಾನೆ." ಅಷ್ಟು ವರ್ಷಗಳಲ್ಲಿ ಆಕೆ ಅದನ್ನು ಕೇಳಿದ್ದು ಅದೇ ಮೊದಲು. ಮುನಿರಾಜಪ್ಪನವರು ಮುದ್ದೆಯನ್ನು ಅಲ್ಲಿಗೇ ಬಿಟ್ಟು, ಕೈ ಕೂಡ ತೊಳೆಯದೆ ನನ್ನ ಬಾಗಿಲಿಗೆ ಬಂದರು. "ಸಾರ್, ಎತ್ತು ನನ್ ಪಕ್ಕದಲ್ಲಿ ಇಟ್ಕೊಂಡು ಗಾಡಿ ಹೊಡೀತಿದ್ದೆ ಸಾರ್. ಎತ್ತು ಆ ಕಾರಿನ್ ಪಕ್ಕದಲ್ಲಿ ಇರ್ಬೇಕು."

ಕಾರಿನ ಮುಂದಿನ ಎಡಚಕ್ರದ ಮೇಲ್ಗಡೆ ಕೆಂಪು ದಾರ ಸುತ್ತಿದರು, ಬಲಚಕ್ರದ ಮೇಲ್ಗಡೆ ವಿಭೂತಿ ಬಳಿದರು. ಇಪ್ಪತ್ತು ವರ್ಷ ತಮ್ಮ ಭುಜಗಳ ಪಕ್ಕ ನಡೆಯುತ್ತಿದ್ದ ಎತ್ತುಗಳನ್ನು ಬಿಚ್ಚಿ ಒಂದು ಮೊಳದ ಆ ಗಾಡಿಗೆ ಹೂಡಿಬಿಟ್ಟರು. ಕಾರು ಆಚೆ ಹೋಗಲಿ ಈಚೆ ಬರಲಿ, ಕೆಂದ ಕೆಂದನ ಜಾಗದಲ್ಲೇ, ಮಾಸ ಮಾಸನ ಜಾಗದಲ್ಲೇ. ಬಾಕಿ ಉಳಿದದ್ದು ಹೆಬ್ಬೆರಳು. ಅಟ್ಟದಿಂದ ರಬ್ಬರ್ ಚೆಂಡು ಇಳಿಯಿತು, ನನ್ನ ಕಣ್ಣಿಗೆ ಬೀಳದಂತೆ ಕೋಟಿನ ಜೇಬಿನೊಳಗೇ ಅದನ್ನು ಹಿಸುಕುತ್ತಿದ್ದರು.

೨೦೦೧ರ ಸಂಕ್ರಾಂತಿ ಕಳೆದ ಭಾನುವಾರ ಮಂಜುಳಮ್ಮನೂ ಮೈದಾನಕ್ಕೆ ಬಂದರು. ಏಳು ಸುತ್ತು. ಎಂಟನೆಯದಕ್ಕೆ ಕಾರು ನಮ್ಮತ್ತ ತಿರುಗಿದಾಗ ಎಡ ಹೆಬ್ಬೆರಳು ಅದುರಿ ವೇಗ ಒಮ್ಮೆಲೇ ಏರಿತು. ಮುನಿರಾಜಪ್ಪನವರು ನಾಲಗೆಯಲ್ಲಿ ಚ್ಚ್ ಎಂದರು, "ಮಾಸಾ" ಎಂದರು ಮೆತ್ತಗೆ, ವಿಭೂತಿಯ ಚಕ್ರ ಇಟ್ಟಿಗೆಯಿಂದ ಎರಡು ಬೆರಳು ದೂರದಲ್ಲಿ ತಿರುಗಿ ಬಂದು ಅವರ ಪಾದದ ಬಳಿ ನಿಂತಿತು. ಯಜ್ಞನಾರಾಯಣರು ಬಗ್ಗಿ ಇಟ್ಟಿಗೆಯನ್ನು ಪರೀಕ್ಷಿಸಿ "ಪಾಸ್" ಎಂದರು. ನಾನು ಕಣ್ಣೊರೆಸಿಕೊಂಡೆ, ಧೂಳೆಂದು ಸುಳ್ಳು ಹೇಳಲಾರೆ.

ಮಂಜುಳಮ್ಮ ಸೆರಗಿನ ಗಂಟು ಬಿಚ್ಚಿ ಕೀ ಚಾಚಿದರು. ಮುನಿರಾಜಪ್ಪನವರು ಕೀ ತೆಗೆದುಕೊಂಡು, ಎಡಗೈ ಮುಷ್ಟಿಯಲ್ಲಿಟ್ಟು ಬಿಗಿಹಿಡಿಯಲು ನೋಡಿದರು. ಬೆರಳು ಪೂರ್ತಿ ಮುಚ್ಚಲಿಲ್ಲ. ಆಮೇಲೆ ಅದನ್ನು ಹೆಂಡತಿಯ ಅಂಗೈಯಲ್ಲೇ ಇಟ್ಟರು.

"ಕೊನೇ ಸುತ್ತಲ್ಲಿ ಬೆರಳು ನನ್ ಮಾತು ಕೇಳ್ಲಿಲ್ಲ, ನೀನು ನೋಡ್ದೆ. ಮೊಪೆಡ್ಡಿನ್ ಹಿಂದಿನ್ ಬ್ರೇಕು ಕೆಂದನ್ ಕಡೇನೇ ಇರೋದು. ನೀನು ಕಲೀ ಮಂಜುಳಾ. ನಾನು ಹಿಂದೆ ಕೂತ್ಕೊಂಡು ಹೇಳ್ತೀನಿ."

"ಈ ವಯಸ್ಸಲ್ಲಿ ನನ್ ಕೈಲಿ ಎಂಟು ಹಾಕಿಸ್ತೀರಾ?" ಎಂದರು ಆಕೆ.

"ಇಟ್ಟಿಗೆ ಮನೇಲೇ ಐತೆ."

ಎರಡನೆಯ ಪ್ರಯತ್ನದಲ್ಲಿ ಮಂಜುಳಮ್ಮನಿಗೆ ಲೈಸೆನ್ಸು ಬಂತು. ಆ ಮೇಲೆ ಎಷ್ಟೋ ವರ್ಷ, ದೊಮ್ಮಲೂರಿಂದ ಹಲಸೂರಿನ ಮಾರುಕಟ್ಟೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬರು ಮೊಪೆಡ್ಡು ಬಿಟ್ಟುಕೊಂಡು ಹೋಗುವುದನ್ನೂ, ಹಿಂದಿನ ಸೀಟಿನಲ್ಲಿ ಮಿಲಿಟರಿ ಕೋಟಿನ ಎತ್ತರದ ಆಳು ಮುಷ್ಟಿಗಳನ್ನು ಮುಂದಿಟ್ಟುಕೊಂಡು "ಕೆಂದ, ಕೆಂದ, ಈಗ ಮಾಸ" ಎನ್ನುವುದನ್ನೂ ನಾವೆಲ್ಲ ಕಂಡಿದ್ದೇವೆ. ಭಾನುವಾರ ಮಾತ್ರ ರಿಮೋಟು ಅವರ ಕೈಯಲ್ಲೇ.

ಹಟಮಾರಿಗಳೆಂದು ಲೋಕ ಇಂಥವರನ್ನು ಕರೆಯುತ್ತದೆ; ನೀರಿನ ಮೋಟಾರಿನ ವಿಷಯದಲ್ಲಿ ನಾನೂ ಹಾಗೇ ಕರೆದಿದ್ದೇನೆ, ಈಗಲೂ ಆ ಮಾತನ್ನು ಹಿಂತೆಗೆದುಕೊಳ್ಳಲಾರೆ. ಆದರೆ ಹಗ್ಗ ಹಿಡಿದು ಬೆಳೆದ ಈ ಬಗೆಯ ಜನ, ದಕ್ಕದೆಂದು ಇನ್ನೊಬ್ಬರು ಹೇಳಿದರೆ ಹಗ್ಗವನ್ನು ಬಿಡುವವರಲ್ಲ. ತಮ್ಮ ಕೈ ಎಷ್ಟು ಹಿಡಿದೀತು ಎಂದು ತಾವೇ ಅಳೆದು ನೋಡಬೇಕು, ಒಂದು ಇಟ್ಟಿಗೆ ಸವರಿದರೂ ಸವರಿತೆಂದು ತಾವೇ ಹೇಳಬೇಕು. ಹಾಗೆ ಅಳೆದು ಮುಗಿದ ದಿನ ಅವರು ಹಗ್ಗವನ್ನು ಎಷ್ಟು ಹಗುರವಾಗಿ ಎದುರಿಗೆ ನಿಂತವರ ಕೈಗೆ ದಾಟಿಸುತ್ತಾರೆಂದರೆ, ಗಾಡಿ ಒಂದು ಕ್ಷಣವೂ ನಿಲ್ಲುವುದಿಲ್ಲ.